ಹೊಗೆಯಾಡುವ ಮನೆ ಮಾರಾಟಕ್ಕಿದೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವ ಮೊದಲು ತಲೆಯೆತ್ತಿ ಮಾಡು ನೋಡುತ್ತೇನೆ. ಹಂಚು ಎಲ್ಲಿ ಜಾರಿದೆ, ಹಂಚಿನಡಿಯ ಯಾವ ಪಕ್ಕಾಸಿನ ಮರಕ್ಕೆ ಗೆದ್ದಲು ಹತ್ತಿದೆ, ಮೂಲೆಯಲ್ಲಿ ನೀರಿನ ಕಲೆ ಎಷ್ಟು ಹಳೆಯದು, ಇದೆಲ್ಲ ತಿಳಿಯುವವರೆಗೆ ನನಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಆಮೇಲೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತೇನೆ. ಅದಾದ ಮೇಲೆ ಕುಡಿಯುವ ನೀರಿನ ನೆಪ ಮಾಡಿಕೊಂಡು ಅಡಿಗೆಮನೆಗೆ ನುಗ್ಗಿಬಿಡುತ್ತೇನೆ. ಇದೇ ಎಲ್ಲಕ್ಕಿಂತ ಕೆಟ್ಟದ್ದು. ನೆಂಟರಲ್ಲಿ ಅರ್ಧ ಜನ ನನ್ನನ್ನು ಹೊಟ್ಟೆಬಾಕ ಎಂದೇ ತಿಳಿದಿದ್ದಾರೆ.

ಒಮ್ಮೆ ತಂಗಿಯ ಮಗನಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಕಾಫಿ ತಂದು ನನ್ನ ಮುಂದೆ ನಿಂತಿದ್ದಾಳೆ, ನಾನು ಅವಳ ತಲೆಯ ಮೇಲಿನ ಅಟ್ಟದ ಹಲಗೆ ನೋಡುತ್ತಿದ್ದೇನೆ. "ಇಲ್ಲಿ ಸೋರ್ತದಲ್ಲ?" ಎಂದು ಕೇಳಿಯೇಬಿಟ್ಟೆ. ಹುಡುಗಿಯ ಅಪ್ಪ ಪಾಪ, ಎಷ್ಟೋ ದಿನದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರಂತೆ ಏಣಿ ತರಿಸಿದರು. ಇಬ್ಬರೂ ಅಟ್ಟ ಹತ್ತಿದೆವು. ಇಳಿದು ಬರುವಾಗ ಕೆಳಗೆ ಮಾತುಕತೆ ಮುಗಿದು ದಿನ ಗೊತ್ತಾಗಿತ್ತು. ದಾರಿಯಲ್ಲಿ ನನ್ನ ಹೆಂಡತಿ ಹೇಳಿದಳು, "ನಿಮ್ಮನ್ನ ಕರ್ಕಂಡ್ ಹೋದರೆ ನಂಗೆ ಮರ್ಯಾದೆ ಇಲ್ಲೆ. ಹೆಣ್ಣ್ ನೋಡೊಕೆ ಬಂದದಾ, ಮಾಡ್ ನೋಡೊಕೆ ಬಂದದಾ?"

ಏನು ಮಾಡಲಿ ಹೇಳಿ, ಒಂದು ಕಾಲದಲ್ಲಿ ನನ್ನ ಹೊಟ್ಟೆಪಾಡೇ ಅದಾಗಿತ್ತು. ಬೀಳಲು ಬಂದ ಮನೆ ಕೊಳ್ಳುವುದು, ಎತ್ತಿ ನಿಲ್ಲಿಸುವುದು, ಮಾರುವುದು. ಈಗ ಇದಕ್ಕೆ ಏನೇನೋ ದೊಡ್ಡ ಹೆಸರುಗಳಿವೆಯಂತೆ. ಆಗ ನಮ್ಮ ಕೊಡಗಿನಲ್ಲಿ ಈ ಕೆಲಸಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದ ಕೆಲಸ ಮಾಡುವವನನ್ನು ಊರು ಸೋಮಾರಿ ಎಂದು ಕರೆಯುತ್ತದೆ. ನಮ್ಮಪ್ಪ ಮಾತ್ರ ಎತ್ತಿನ ವ್ಯಾಪಾರಕ್ಕೆ ಹೋಲಿಸಿದರು. ಬಡಕಲು ಎತ್ತು ತಂದು, ಹುಲ್ಲು ಹುರುಳಿ ಹಾಕಿ, ಮೈ ಬಂದ ಮೇಲೆ ಸಂತೆಗೆ ಹೊಡೆಯುವವರಿದ್ದರಲ್ಲ, ಹಾಗೆ. "ಎತ್ತಾದರೆ ಹೊಡ್ಕಂಡ್ ಹೋಕೆ ಆದೆ. ಮನೆನ ಎಂಥ ಮಾಡ್ದು?" ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವಿಲ್ಲದಿದ್ದರೂ ಕನಸಿತ್ತು. ಅದು ಹುಟ್ಟಿದ್ದು ಗಾಳಿಬೀಡಿನಲ್ಲಿ, ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ನಮ್ಮೂರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿ ಒಣಹಾಕಿದ ಬಟ್ಟೆ ಹುಡುಕಲು ಪಕ್ಕದ ಗದ್ದೆಗೆ ಹೋಗಬೇಕು. ಅಂಥ ಗಾಳಿಯಲ್ಲಿ ನಾನು ಬಾಳೆಯ ಪಟ್ಟೆ, ಜರಿಗಿಡದ ಸೊಪ್ಪು, ಕಾಫಿಕಡ್ಡಿಗಳಿಂದ ಮನೆ ಕಟ್ಟುತ್ತಿದ್ದೆ. ಬೇರೆ ಮಕ್ಕಳು ಮನೆ ಕಟ್ಟಿ ಅದರಲ್ಲಿ ಗಂಡ ಹೆಂಡತಿ ಆಟ ಆಡುತ್ತಿದ್ದರು. ನಾನು ಕಟ್ಟಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, ಚಿಕ್ಕಪ್ಪನ ಮಗಳಿಗೆ ನೆಲ್ಲಿಕಾಯಿಗೆ ಮಾರಿಬಿಡುತ್ತಿದ್ದೆ. ಆಮೇಲೆ ಗಾಳಿ ಬಂದು ಅವಳ ಮನೆ ಹಾರಿಹೋದರೆ ಅದಕ್ಕೆ ನಾನು ಹೊಣೆಯಲ್ಲ.

ಒಂದು ದಿನ ಚಿನ್ನಮ್ಮತ್ತೆ ನನ್ನ ಆ ಕಾರುಬಾರು ನೋಡಲು ಬಂದು ಕುಕ್ಕರುಗಾಲಲ್ಲಿ ಕೂತರು. ಚಿನ್ನಮ್ಮತ್ತೆ ನಮ್ಮಪ್ಪನ ತಂಗಿ. "ಒಲೆ ಎಲ್ಲಿ?" ಎಂದರು. ಇಲ್ಲ ಎಂದೆ. "ಒಲೆ ಇಲ್ಲದೆ ಎಂಥ ಮನೆ ಮಾರಾಯ, ಅದ್ ಕೊಟ್ಟಿಗೆ" ಎಂದು ಹೇಳಿ, ಹಿಡಿ ಮಣ್ಣು ಕಲಸಿ, ಹೆಬ್ಬೆರಳಿನಿಂದ ಒತ್ತಿ, ಪುಟ್ಟದೊಂದು ಒಲೆ ಮಾಡಿಟ್ಟರು. ಆ ಮನೆಗೆ ಆ ದಿನ ಎರಡು ಪಟ್ಟು ನೆಲ್ಲಿಕಾಯಿ ಸಿಕ್ಕಿತು.

ಅತ್ತೆಗೆ ತನ್ನದು ಎಂಬ ಒಲೆ ಇರಲಿಲ್ಲ. ಮದುವೆಯಾದ ಹೊಸತರಲ್ಲೇ ಗಂಡ ಜ್ವರದಲ್ಲಿ ಹೋದ ಮೇಲೆ ತವರಿಗೆ ಬಂದವರು. ಬರುವಾಗ ಒಂದು ಹಲಸಿನ ಮರದ ಪೆಟ್ಟಿಗೆ ತಂದಿದ್ದರು. ಆ ಪೆಟ್ಟಿಗೆ ನಮ್ಮ ಮನೆಯಲ್ಲಿ ಒಂದು ಜಾಗದಲ್ಲಿ ನಿಂತದ್ದು ನಾನು ನೋಡಿಲ್ಲ. ಅಣ್ಣನ ಮದುವೆಯಾದಾಗ ಪಡಸಾಲೆಗೆ ಬಂತು, ನೆಂಟರು ಬಂದಾಗ ಭತ್ತದ ಕೋಣೆಗೆ ಹೋಯಿತು, ಭತ್ತ ತುಂಬಿದಾಗ ಜಗಲಿಗೆ ಬಂತು. ಯಾರೂ ಅವರಿಗೆ ಕೆಟ್ಟ ಮಾತಾಡಿದವರಲ್ಲ. ಹೊತ್ತು ಹೊತ್ತಿಗೆ ಅಡಿಗೆ ಮಾಡುತ್ತಿದ್ದವರು ಅವರೇ. ಆದರೆ ಉಪ್ಪು ಹಾಕಿಡುವ ಮರದ ಮರಿಗೆ ಒಲೆಯ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ಹೇಳುವವರು ಮೊದಲು ನಮ್ಮವ್ವ, ಆಮೇಲೆ ಅತ್ತಿಗೆ. ಅತ್ತೆ ಎಡಗೈಯವರು. ಮರಿಗೆ ಯಾವಾಗಲೂ ಬಲಕ್ಕಿತ್ತು.

ಹೀಗಿರುವಾಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದುವರೆಗೆ ಮಡಿಕೇರಿಯಲ್ಲಿ ನಮ್ಮದೇ ಒಂದು ಪುಟ್ಟ ಸರ್ಕಾರವಿತ್ತು, ಅದಕ್ಕೆ ತಕ್ಕ ಆಫೀಸುಗಳು, ಆಫೀಸಿಗೆ ತಕ್ಕ ಆಫೀಸರುಗಳು. ಸೇರಿದ ಮೇಲೆ ಒಬ್ಬೊಬ್ಬರೇ ಗಂಟುಮೂಟೆ ಕಟ್ಟಿ ಮೈಸೂರು, ಬೆಂಗಳೂರು ಎಂದು ಹೊರಟರು. ಅವರು ಬಿಟ್ಟುಹೋದ ಮನೆಗಳು ಗುಡ್ಡದ ಮೇಲೆ ಕಣ್ಣು ಮುಚ್ಚಿಕೊಂಡು ಕೂತವು. ನಾನಾಗ ಊರಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಲೈನುಮನೆಗಳ ಆಳು ಎಣಿಸಿ, ಕಾಫಿಹಣ್ಣಿನ ಪಿಕ್ಕಿಂಗ್ ನೋಡಿ, ಭಾನುವಾರ ಬಂದರೆ ಮಡಿಕೇರಿಗೆ ಓಡುತ್ತಿದ್ದೆ. ಸ್ನೇಹಿತರು ಸಿನಿಮಾಕ್ಕೆ ಹೋದರೆ ನಾನು ಮನೆ ನೋಡಲು ಹೋಗುತ್ತಿದ್ದೆ.

ಮಡಿಕೇರಿಯ ಮಂಜು ನಿಮಗೆ ಗೊತ್ತಲ್ಲ. ಸಂಜೆಗೆ ಕಣಿವೆಯಿಂದ ಎದ್ದು ಬಂದು ಬೀದಿ ಬೀದಿ ತಿರುಗುತ್ತದೆ. ಆ ಮಂಜಿನಲ್ಲಿ ಯಾವ ಮನೆಯೂ ಸೋರುವುದಿಲ್ಲ, ಯಾವ ಗೋಡೆಯೂ ಬಿರಿದಿರುವುದಿಲ್ಲ. ಒಂದು ಕಿಟಕಿ ಮಾತ್ರ ಕಾಣುತ್ತದೆ, ಅಥವಾ ಮಾಡಿನ ಒಂದು ತುದಿ. ಉಳಿದದ್ದನ್ನು ನಾವೇ ಕಟ್ಟಿಕೊಳ್ಳಬೇಕು. ನಾನು ಓಣಿಯಲ್ಲಿ ನಿಂತು ಒಂದೊಂದಕ್ಕೂ ಸುಣ್ಣ ಬಳಿದೆ, ಹಂಚು ಹೊದಿಸಿದೆ, ಕಿಟಕಿಗೆ ಹಸಿರು ಬಣ್ಣ ಹಾಕಿ ದೀಪ ಹಚ್ಚಿಟ್ಟೆ. ಎಷ್ಟು ಮನೆಗಳನ್ನು ಹಾಗೆ ಮನಸ್ಸಿನಲ್ಲೇ ರಿಪೇರಿ ಮಾಡಿ ಮಾರಿದೆನೋ. ಮಂಜು ಸರಿದರೆ ಅದೇ ಹಾಳು ಮನೆ, ಬಾಗಿಲಲ್ಲಿ ಮಲಗಿದ ನಾಯಿ. ಆದರೂ ಸಂತೋಷವಾಗುತ್ತಿತ್ತು.

ಕೋಟೆಯ ಹಿಂದಿನ ಇಳಿಜಾರಿನ ಓಣಿಯಲ್ಲಿ ಹಾಗೊಂದು ಮನೆಯಿತ್ತು. ಮುಂದಿನ ಬಾಗಿಲಿನ ಮೇಲೆ ಕೆಂಪು ನೀಲಿ ಗಾಜಿನ ತುಂಡುಗಳು. ಅದರ ಒಡೆಯರಾದ ಆಫೀಸರು ಮೈಸೂರಿಗೆ ಹೋಗಿ ಆಗಿತ್ತು. ರೈಟರ್ ಕೆಲಸದಲ್ಲಿ ಉಳಿಸಿದ್ದು, ಅಪ್ಪ ಬೈಯುತ್ತಲೇ ಕೈಗಿತ್ತ ನನ್ನ ಪಾಲಿನ ಏಲಕ್ಕಿ ಹಣ, ಎರಡನ್ನೂ ಸೇರಿಸಿ ಅದನ್ನು ಕೊಂಡೆ. ಕೊಂಡದ್ದು ಬೇಸಗೆಯಲ್ಲಿ. ಮಾಡು ಸರಿಮಾಡಿಸಿ, ಗೋಡೆ ಮೆತ್ತಿಸಿ, ಸುಣ್ಣ ಬಳಿಸಿ ಬೀಗ ಹಾಕುವಾಗ ಜ್ಯೇಷ್ಠ ಮಾಸದ ಮೊದಲ ಮಳೆ ಬಂತು. ಮಳೆಗಾಲದಲ್ಲಿ ಮನೆ ಕೊಳ್ಳುವವರು ಯಾರು? ದೀಪಾವಳಿ ಕಳೆಯಲಿ ಎಂದು ಊರಿಗೆ ಹೊರಟೆ.

ಅಪ್ಪ ಕೇಳಿದರು, "ಬೀಗ ಹಾಕಿ ಬಂದದಾ? ಒಲೆ ಹೊತ್ಸಿ ಬಾತಿಲ್ಲೆನಾ?" ನಮ್ಮ ಕಡೆ ಹುಟ್ಟಿ ಬೆಳೆದ ಮಗುವಿಗೂ ಗೊತ್ತಿರುವ ವಿಷಯ. ಮಳೆಗಾಲದಲ್ಲಿ ಹೊಗೆ ಕಾಣದ ಮನೆ ಉಳಿಯುವುದಿಲ್ಲ. ಗೋಡೆ ಬೆವರುತ್ತದೆ, ಬಾಗಿಲು ಊದುತ್ತದೆ, ಪಕ್ಕಾಸಿನ ಮೇಲೆ ಬಿಳಿ ಬೂಸು ಎದ್ದು ಹುಳ ಹಿಡಿಯುತ್ತದೆ. ದಿನಾ ಒಲೆಯ ಹೊಗೆ ಎದ್ದು ಅಟ್ಟಕ್ಕೆ ಹತ್ತಿ, ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿದ್ದರೇ ಮರ ಗಟ್ಟಿ. ನಾನು ಸುಣ್ಣದ ಬಿಳುಪು ನೋಡುತ್ತಾ ಅದನ್ನೇ ಮರೆತಿದ್ದೆ. ಮನೆಗೆ ಒಂದು ಒಲೆ ಬೇಕು, ಒಲೆಯ ಮುಂದೆ ಮಳೆಗಾಲವಿಡೀ ಕೂರುವ ಒಬ್ಬರು ಬೇಕು.

"ನಾ ಹೋನೆ" ಎಂದರು ಚಿನ್ನಮ್ಮತ್ತೆ, ಜಗಲಿಯಿಂದ. ಯಾರೂ ಅವರನ್ನು ಕೇಳಿರಲಿಲ್ಲ. "ಮಳೆ ಬುಡುವವರೆಗೆ ಮಾತ್ರ ಅತ್ತೆ" ಎಂದೆ. "ಗೊತ್ತುಟ್ಟು" ಎಂದು ಪೆಟ್ಟಿಗೆಗೆ ಬಟ್ಟೆ ತುಂಬಲು ಎದ್ದರು.

ಆಫೀಸರಿಗೆ ಸೀಮೆಎಣ್ಣೆ ಸ್ಟೌ ಇತ್ತೆಂದು ಕಾಣುತ್ತದೆ, ಅಡಿಗೆಮನೆಯಲ್ಲಿ ಒಲೆಯೇ ಇರಲಿಲ್ಲ. ಅತ್ತೆ ಬಂದವರು ಕುಂಕುಮದಷ್ಟು ನಯವಾದ ಹುತ್ತದ ಮಣ್ಣು ತರಿಸಿ, ಹೊಟ್ಟು ಹಾಕಿ, ಕಾಲಲ್ಲಿ ತುಳಿದು ಹದ ಮಾಡಿದರು. ಎಲ್ಲಿ ಒಲೆ ಹಾಕುವುದು ಎಂದು ನನ್ನನ್ನು ಕೇಳಿದರು. "ನಿಮಗೆ ಬೇಕಾದಲ್ಲಿ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಅಡಿಗೆಮನೆಯ ಆ ಮೂಲೆಗೆ ಹೋಗಿ ನಿಂತರು, ಈ ಮೂಲೆಗೆ ಬಂದು ಕೂತರು, ಕೈ ಚಾಚಿ ಇಲ್ಲದ ಪಾತ್ರೆ ಇಳಿಸಿದರು, ಇಲ್ಲದ ಉಪ್ಪು ಹಾಕಿದರು. ಮಧ್ಯಾಹ್ನವೆಲ್ಲ ಇದೇ ಆಯಿತು. ಎರಡು ಬಾಯಿಯ ಒಲೆ ಕಟ್ಟಿ, ಅದರ ಅಂಚನ್ನು ಒದ್ದೆ ಅಂಗೈಯಿಂದ ನೀವಿ ನೀವಿ ಕನ್ನಡಿ ಮಾಡಿ, ಒಣಗಿದ ಮೇಲೆ ಎಡಗಡೆ ಉಪ್ಪಿನ ಮರಿಗೆ ಇಟ್ಟರು.

ಆ ಮಳೆಗಾಲ ನನಗೆ ಈಗಲೂ ಕನಸಿನ ಹಾಗೆ ಬರುತ್ತದೆ. ಶನಿವಾರ ಕೆಲಸ ಮುಗಿಸಿ ನೆನೆದುಕೊಂಡು ಬರುತ್ತಿದ್ದೆ. ಓಣಿಯ ತಿರುವಿನಲ್ಲಿ ಮನೆ ಕಾಣುವುದಕ್ಕೆ ಮೊದಲು ಹೊಗೆಯ ವಾಸನೆ ಸಿಗುತ್ತಿತ್ತು. ಹಂಚಿನ ಸಂದಿಗಳಿಂದೆಲ್ಲ ತೆಳ್ಳಗೆ ಹೊಗೆ ಎದ್ದು ಮಂಜಿನಲ್ಲಿ ಸೇರುವುದನ್ನು ನೋಡಿದರೆ ಮನೆಯೇ ಉಸಿರಾಡುತ್ತಿದೆ ಎನಿಸುತ್ತಿತ್ತು. ಒಳಗೆ ಹೋಗಿ ಅಟ್ಟದ ಮೇಲೆ ಮಲಗಿದರೆ ಕೆಳಗಿನಿಂದ ಬಿಸಿ ಹತ್ತಿ ಬರುತ್ತಿತ್ತು. ಅತ್ತೆ ಕೆಳಗೆ ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು, ಒಲೆಗೆ, ಬೆಕ್ಕಿಗೆ, ಬೇಯದ ಅಕ್ಕಿಗೆ. ಗಾಳಿಬೀಡಿನಲ್ಲಿ ಅವರು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಂದು ಸಂಜೆ ಅವರ ಪೆಟ್ಟಿಗೆಯ ಮೇಲೆ ಹೂವಿನ ಬಟ್ಟೆ ಹಾಸಿ ದೀಪ ಇಟ್ಟದ್ದನ್ನು ಕಂಡೆ. ಪೆಟ್ಟಿಗೆ ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂಬ ಹಾಗಿತ್ತು ಅದು. ನನಗೆ ಆಗಲೇ ಭಯ ಶುರುವಾದದ್ದು.

ಮಳೆ ನಿಂತಿತು. ಗಿರಾಕಿಗಳು ಬರತೊಡಗಿದರು. ಮನೆಯ ಮಾಲೀಕನೇ ಮನೆಗೆ ಕುಂದು ಹೇಳುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಮಾಡಿದ್ದು ಅದನ್ನೇ. ಒಬ್ಬರು ಮೇಷ್ಟ್ರು ಬಂದರೆ, "ಇಳಿಜಾರು ಸಾರ್, ನಿಮ್ಮ ವಯಸ್ಸಿಗೆ ಕಷ್ಟ" ಎಂದೆ. ಬೆಂಗಳೂರಿನವರೊಬ್ಬರಿಗೆ ಜಿಗಣೆ ಮಂಚದವರೆಗೆ ಬರುತ್ತದೆ ಎಂದೆ. ಎಸ್ಟೇಟಿನ ನನ್ನ ಸ್ನೇಹಿತನೊಬ್ಬ, ಬಿಟ್ಟಂಗಾಲದವನು, ನಕ್ಕು ನಕ್ಕು ಸುಸ್ತಾದ. ಅವನೇ ನನ್ನನ್ನು ಹುರಿದುಂಬಿಸಿ, "ನಮ್ಮೂರಲ್ಲೂ ಒಂದು ಮನೆ ಉಂಟು, ಮಾಡು ಅರ್ಧ ಕೂತಿದೆ, ಒಡೆಯನಿಗೆ ಬೇಡ, ಇದನ್ನ ಮಾರಿ ಅದನ್ನ ಹಿಡಿ" ಎಂದವನು. ನನಗೆ ಅದೆಲ್ಲ ಬೇಡವಾಗಿತ್ತು. ಇದನ್ನು ಮಾರಿದರೆ ಅತ್ತೆಯ ಪೆಟ್ಟಿಗೆ ಗಾಳಿಬೀಡಿನ ಜಗಲಿಗೆ ವಾಪಸು ಹೋಗಬೇಕು. ಮಾರದಿದ್ದರೆ ನಾನು ಹಾಕಿದ್ದೆಲ್ಲ ಆ ಗೋಡೆಯೊಳಗೇ ಉಳಿದು, ಜೀವಮಾನವಿಡೀ ರೈಟರ್ ಆಗಿ ಆಳು ಎಣಿಸಬೇಕು. ಎರಡೂ ಬೇಡವೆಂದು ಜಿಗಣೆಯ ಕತೆ ಹೇಳುತ್ತಿದ್ದೆ.

ಅತ್ತೆ ಕಿವುಡಿಯಲ್ಲ. ಬೆಂಗಳೂರಿನವರು ಹೋದ ಮೇಲೆ ಸೌಟು ಹಿಡಿದೇ ಹೊರಗೆ ಬಂದರು. "ನನ್ನ ಮನೆಲಿ ಜಿಗಣೆ ಎಲ್ಲಿ ಉಟ್ಟು? ತೋರ್ಸ್ ನೋಡೊಮೆ!" ನಾನು ಅವರ ಪೆಟ್ಟಿಗೆಯ ಕಡೆ ನೋಡಿದೆ. ಅವರಿಗೆ ಆಗ ಅರ್ಥವಾಯಿತು. ಸೌಟು ಕೆಳಗಿಟ್ಟು, ಮೆಲ್ಲಗೆ, "ನಂಗೋಸ್ಕರ ನೀ ಹಾಳಾಕೆ ಬೇಡ. ಇನ್ನ್ ಬಂದವಕ್ಕೆ ನಾನೇ ಮನೆ ತೋರ್ಸ್‌ನೆ" ಎಂದರು.

ಮುಂದಿನ ಭಾನುವಾರ ಬಂದವರು ರುದ್ರಪ್ಪ ಮತ್ತು ಅವರ ಹೆಂಡತಿ ಗಿರಿಜಮ್ಮ. ಶನಿವಾರಸಂತೆ ಕಡೆಯ ಲಿಂಗಾಯತರು, ಮಡಿಕೇರಿಯಲ್ಲಿ ಬಟ್ಟೆ ಅಂಗಡಿ ಇಡಲು ಬಂದವರು. ಅವರು ಓಣಿ ಇಳಿಯುವಾಗಲೇ ನನಗೆ ನೆನಪಾದದ್ದು: ಅಪ್ಪ ಹಿಂದಿನ ವಾರ ಕಾಡುಹಂದಿಯ ಮಾಂಸ ಕಳಿಸಿದ್ದರು. ಅತ್ತೆ ನಮ್ಮ ಪದ್ಧತಿಯಂತೆ ಅದನ್ನು ಉದ್ದುದ್ದ ಸೀಳಿ, ಉಪ್ಪು ಅರಿಸಿನ ಸವರಿ, ಒಲೆಯ ಮೇಲೆ ಬಳ್ಳಿಗೆ ಸಾಲಾಗಿ ನೇತುಹಾಕಿದ್ದರು. ಹೊಗೆ ಕುಡಿದು ಅದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಮಳೆಗಾಲದಲ್ಲಿ ಮನೆ ಕಾಯಲು ಒಲೆ ಹಾಕಿಸಿದವನಿಗೆ, ಒಲೆಯ ಮೇಲೆ ಏನು ತೂಗುತ್ತದೆ ಎಂಬುದು ಹೊಳೆದಿರಲಿಲ್ಲ. ನಾನು ಓಡಿಹೋಗಿ ಅದನ್ನೆಲ್ಲ ಕಿತ್ತು ಪಂಚೆಯಲ್ಲಿ ಸುತ್ತಿಕೊಂಡು ಹಿಂದಿನ ಬಾಗಿಲಲ್ಲಿ ನಿಂತೆ. ಬೆಕ್ಕು ನನ್ನ ಕಾಲು ಬಿಡಲಿಲ್ಲ.

ಅತ್ತೆ ಅವರಿಗೆ ಮನೆ ತೋರಿಸಿದ ಚೆಂದ ನೀವು ನೋಡಬೇಕಿತ್ತು. ಬಣ್ಣದ ಗಾಜಿನಿಂದ ಬೆಳಗಿನ ಬಿಸಿಲು ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ನಡೆಯುತ್ತದೆ, ಯಾವ ಕಿಟಕಿ ತೆರೆದರೆ ಗಾಳಿ, ಯಾವುದು ತೆರೆದರೆ ನೆರೆಮನೆಯ ಜಗಳ, ಎಲ್ಲ ಹೇಳಿದರು. ಗಿರಿಜಮ್ಮ ಪಕ್ಕಾಸು ಮುಟ್ಟಿ ನೋಡಿ, "ಎಷ್ಟು ಬೆಚ್ಚಗೈತೆ ಮನೆ! ನಾವು ನೋಡಿದ್ವೆಲ್ಲ ಹಸಿ ಹಸಿ, ಬೂಸ್ಟು ವಾಸ್ನೆ" ಎಂದರು. ಅಡಿಗೆಮನೆಗೆ ಬಂದು ಒಲೆಯ ಅಂಚು ಸವರಿ, "ಯಾರವ್ವ ಕಟ್ಟಿದ್ದು? ಕೈ ಎಷ್ಟು ನಯ!" ಎಂದರು.

ಅತ್ತೆ, "ನಾನೇ ಕಟ್ಟಿದ್" ಎಂದರು. ಆಮೇಲೆ, "ಅಮ್ಮಾ, ನಿಮ್ಮ ಹತ್ರ ಸುಳ್ಳ್ ಹೇಳಿಕೆ ನಂಗೆ ಆದುಲೆ. ಇದ್ ಹಂದಿ ಬೆಂದ ಒಲೆ. ಇದರ ಮೇಲೆ ಮಾಂಸ ಒಣಗ್ಸಿಯೊಳೆ" ಎಂದುಬಿಟ್ಟರು.

ಗಿರಿಜಮ್ಮನ ಕೈ ತಾನಾಗಿ ಹಿಂದೆ ಬಂತು. ರುದ್ರಪ್ಪ ಕೆಮ್ಮಿದರು. ನಾನು ಬಾಗಿಲಲ್ಲಿ ಪಂಚೆಯ ಗಂಟು ಹಿಡಿದು ನಿಂತೇ ಇದ್ದೆ, ಅದರಲ್ಲೇನಿದೆ ಎಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ಕೊನೆಗೆ ಗಿರಿಜಮ್ಮನೇ ಹೇಳಿದರು, "ಮುಚ್ಚಿಟ್ಟಿದ್ರೆ ನಮ್ಗೇನು ತಿಳೀತಿತ್ತು? ಹೇಳಿದ್ರಲ್ಲ, ಅದೇ ದೊಡ್ಡದು. ಮನೆ ನಮ್ಗೆ ಒಪ್ಗೆ ಅವ್ವ. ಮನೆನ ಶುದ್ಧಿ ಮಾಡಿಸ್ಕೋತೀವಿ. ಆದ್ರೆ ಒಲೆ..."

"ಒಲೆ ತೆಗಿಯೊಕು, ಗೊತ್ತುಟ್ಟು" ಎಂದರು ಅತ್ತೆ.

"ನೀವು ಮುಟ್ಟಬೇಡಿ. ಕಟ್ಟಿದ ಕೈಲೇ ಹೆಂಗೆ ಒಡೀತೀರಿ? ನಾವು ಆಳಿನ ಕೈಲಿ ತೆಗೆಸ್ತೀವಿ."

"ಆಳ್ ಒಡೆದರೆ ಮಣ್ಣ್ ಎಲ್ಲಿಗೋ ಬಿಸಾಡ್ದೆ. ಬೇಡ, ನಾನೇ ಒಡೆನೆ" ಎಂದರು ಅತ್ತೆ. ಗಿರಿಜಮ್ಮ ಕಣ್ಣೊರೆಸಿಕೊಂಡರು. ಅತ್ತೆ ಅಳಲಿಲ್ಲ.

ಮನೆ ಬಿಡುವ ದಿನ ಬೆಳಿಗ್ಗೆ ನಾನು ಹೋಗುವಾಗ ಹಂಚಿನ ಮೇಲೆ ಹೊಗೆಯಿರಲಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ. ಒಳಗೆ ಧಪ್ ಧಪ್ ಎಂದು ಸದ್ದು. ಅತ್ತೆ ನೆಲದಲ್ಲಿ ಕೂತು ಒನಕೆಯ ತುಂಡಿನಿಂದ ಒಲೆ ಒಡೆಯುತ್ತಿದ್ದರು. ಸಿಟ್ಟಿನಿಂದಲ್ಲ, ಕಾಳು ಬಡಿಯುವವರ ಹಾಗೆ, ಹದವಾಗಿ. ಒಳಗಿನ ಮಣ್ಣು ಸುಟ್ಟು ಕೆಂಪಗಾಗಿತ್ತು. ನಾನು ಕೈ ಹಾಕಲು ಹೋದರೆ, "ನೀ ದೂರ ಕೂರ್" ಎಂದರು. ಮನೆ ಮಾರಿದವನಿಗೆ ಸಂತೋಷವಾಗಬೇಕು. ನನಗೆ ಎಲ್ಲಾದರೂ ಓಡಿಹೋಗೋಣ ಎನಿಸುತ್ತಿತ್ತು.

ಆಮೇಲೆ ಅವರು ಪೆಟ್ಟಿಗೆ ತೆರೆದು ಬಟ್ಟೆಗಳನ್ನೆಲ್ಲ ಹೊರಗೆ ಹಾಕಿ ಗಂಟು ಕಟ್ಟಿದರು. ಖಾಲಿ ಪೆಟ್ಟಿಗೆಗೆ ಹಳೆ ಸೀರೆ ಹಾಸಿ, ಒಡೆದ ಒಲೆಯ ಮಣ್ಣನ್ನು ತುಂಬತೊಡಗಿದರು. ಒಂದು ಹೆಂಟೆಯನ್ನೂ ಬಿಡಲಿಲ್ಲ. ನಾನು ಬೆರಗಾಗಿ ನೋಡುತ್ತಿದ್ದುದನ್ನು ಕಂಡು, "ಸುಟ್ಟ ಮಣ್ಣ್ ಕುಟ್ಟಿ ಹಾಕಿರೆ ಹೊಸ ಒಲೆ ಬಿರಿಯುದುಲೆ" ಎಂದು ಮಾತ್ರ ಹೇಳಿದರು.

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರು ಆಳು ಪೆಟ್ಟಿಗೆ ಹೊತ್ತರು. ಅಲ್ಲಿ ಎರಡು ಬಸ್ಸುಗಳು ನಿಂತಿದ್ದವು. ಒಂದು ಗಾಳಿಬೀಡಿನದು, ಅದರ ಡ್ರೈವರ್ ನಮ್ಮ ಗುರುತಿನವನೇ, ಅತ್ತೆಗೆ ನಮಸ್ಕಾರ ಮಾಡಿ ಮುಂದಿನ ಸೀಟು ಖಾಲಿ ಮಾಡಿಸಿದ. ಇನ್ನೊಂದು ವಿರಾಜಪೇಟೆ, ನನ್ನ ಸ್ನೇಹಿತನ ಊರು ಬಿಟ್ಟಂಗಾಲದ ಮೇಲೆ ಗೋಣಿಕೊಪ್ಪಲಿಗೆ ಹೋಗುವುದು. ಮಂಜು ಇನ್ನೂ ಇತ್ತು, ಎರಡರ ದೀಪಗಳೂ ಮಂಕಾಗಿ ಕಾಣುತ್ತಿದ್ದವು. ಅತ್ತೆ ಯಾವ ಬಸ್ಸಿನ ಹತ್ತಿರಕ್ಕೂ ಹೋಗಲಿಲ್ಲ. ನಡುವೆ ಪೆಟ್ಟಿಗೆ ಇಳಿಸಲು ಹೇಳಿ, ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು, ಪೆಟ್ಟಿಗೆಯ ಪಕ್ಕದಲ್ಲೇ ಕೂತರು.

ಗೋಣಿಕೊಪ್ಪಲು ಬಸ್ಸಿನ ಕಂಡಕ್ಟರ್ ಕಣ್ಣೂರಿನ ಕಡೆಯವನು, ಮೀಸೆಯವನು. ದಾರಿಗೆ ಅಡ್ಡವಾಗಿದ್ದ ಪೆಟ್ಟಿಗೆಯನ್ನು ಸರಿಸಲು ಹಿಡಿ ಹಿಡಿದು ಎಳೆದ. ಅದು ಅಲುಗಲಿಲ್ಲ. "ಅಯ್ಯೋ, ಇದೆಂತ ಅಮ್ಮಾ ಇಷ್ಟು ಕನ? ಪೆಟ್ಟಿಯಲ್ಲಿ ಕಲ್ಲಾ?"

"ಕಲ್ಲಲ್ಲ" ಎಂದರು ಅತ್ತೆ. "ನನ್ನ ಅಡಿಗೆಮನೆ."

ಅವನು ನಕ್ಕ. ಸುತ್ತ ನಿಂತವರೂ ನಕ್ಕರು. ಅತ್ತೆ ನಗಲಿಲ್ಲ, ತಮಾಷೆಗೆ ಹೇಳಿದವರ ಮುಖ ಅದಲ್ಲ. ಅವರು ನನ್ನನ್ನು ನೋಡುತ್ತಿದ್ದರು. ಎತ್ತಾದರೆ ಹೊಡೆದುಕೊಂಡು ಹೋಗಬಹುದು, ಮನೆಯನ್ನು ಏನು ಮಾಡುವುದು ಎಂದು ಅಪ್ಪ ಕೇಳಿದ್ದಕ್ಕೆ ಅಂದಿನವರೆಗೂ ನನಗೆ ಉತ್ತರ ಗೊತ್ತಿರಲಿಲ್ಲ.

"ಯಾವ ಬಸ್ಸಿಗೆ ಹಾಕೋದು ಸ್ವಾಮಿ ಇದನ್ನ? ಟಿಕೇಟ್ ಎಲ್ಲಿಗೆ?" ಎಂದ ಕಂಡಕ್ಟರ್.

"ನಿನ್ನ ಬಸ್ಸಿಗೇ" ಎಂದೆ. "ಎರಡು ಕೊಡು, ಬಿಟ್ಟಂಗಾಲಕ್ಕೆ."

ಅತ್ತೆ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆಯ ಒಂದು ಕಡೆಯ ಹಿಡಿಗೆ ತಾವೇ ಕೈ ಹಾಕಿ, "ಅಲ್ಲಿ ಮಾಡ್ ಎಷ್ಟ್ ಕೂತುಟ್ಟು?" ಎಂದು ಕೇಳಿದರು.